ತಂತಿ ಮಿಡಿದರೂ ಪೆಟ್ಟಿಗೆ ಮೌನವೇಕೆ?

ಕಾಲುವೆಯ ನೀರಿನ ಲೆಕ್ಕವನ್ನು ನಮ್ಮ ಬೊಮ್ಮನಹಾಳ್ ಸೀಮೆಯ ರೈತರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ತುಂಗಭದ್ರೆಯ ಮೇಲ್ದಂಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ಮೇಲೂ ತನ್ನ ಗದ್ದೆಗೆ ಹನಿ ಬಾರದಿದ್ದರೆ ರೈತನು ಗದ್ದೆಯ ನಡುವೆ ನಿಂತು ನೆಲವನ್ನು ಶಪಿಸುವುದಿಲ್ಲ. ತೂಬಿನ ಬಳಿಗೆ ಹೋಗುತ್ತಾನೆ. ಅಲ್ಲಿಂದ ಕಾಲುವೆಯ ದಂಡೆ ಹಿಡಿದು ಬರುತ್ತ, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತಾನೆ. ನಿಂತ ಜಾಗವು ಕಂಡಿತೆಂದರೆ ಅರ್ಧ ಕೆಲಸ ಮುಗಿದಂತೆ. ಈ ವಾರದ ಅಂಕಣದ ವಿಷಯ ಕೃಷಿಯಲ್ಲ, ಸಂಗೀತ. ಆದರೆ ಉಪಾಯ ಇದೇ.

ಕೆಲವು ವಾರಗಳ ಹಿಂದೆ, ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ಒಬ್ಬ ಬಾಲಕಿಯ ಮನೆಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವಳ ಅಣ್ಣನು ಹಬ್ಬಕ್ಕೆ ಬಂದಾಗ ತಾನು ಬಳಸುತ್ತಿದ್ದ ಎಲೆಕ್ಟ್ರಿಕ್ ಗಿಟಾರು, ಒಂದು ಮೈಕು, ಹಳೆಯ ಲ್ಯಾಪ್‌ಟಾಪು ಮತ್ತು ಅಂಗೈಯಗಲದ ಒಂದು ಪೆಟ್ಟಿಗೆಯನ್ನು ತಂಗಿಗೆ ಕೊಟ್ಟುಹೋಗಿದ್ದನು. ಆ ಪೆಟ್ಟಿಗೆಗೆ ಆಡಿಯೊ ಇಂಟರ್‌ಫೇಸ್ ಎಂದು ಹೆಸರು. ಬಾಲಕಿಯ ಮನಸ್ಸಿನಲ್ಲಿದ್ದ ಆಸೆ ದೊಡ್ಡದು: ಅಜ್ಜಿ ಹಾಡುವ ಬೀಸುವ ಪದಗಳನ್ನು ಮುದ್ರಿಸಿಕೊಂಡು, ಅವಕ್ಕೆ ತಾನು ಗಿಟಾರು ನುಡಿಸಿ ಸೇರಿಸಬೇಕು. ಮೊದಲು ಗಿಟಾರನ್ನಷ್ಟೇ ಮುದ್ರಿಸಿ ನೋಡೋಣವೆಂದು ಮೂರು ದಿನ ಪ್ರಯತ್ನಿಸಿದರೂ ಅವಳಿಗೆ ದಕ್ಕಿದ್ದು ಬರೀ ಬೀದಿಯ ಗದ್ದಲ. ತಂತಿಯ ನಾದ ದೂರದಲ್ಲೆಲ್ಲೋ ಗುಂಗುರು ಹಾರಿದಂತೆ ಕೇಳುತ್ತಿತ್ತು.

“ಸಾರ್, ಇದು ಕೆಟ್ಟಿದೆ. ಬಳ್ಳಾರಿಗೆ ಒಯ್ದು ತೋರಿಸಿದರೆ ಒಂದು ದಿನದ ಕೆಲಸ ಹಾಳು, ರಿಪೇರಿಯ ಖರ್ಚು ಬೇರೆ,” ಎಂದರು ತಂದೆ. “ನಾನೇನೂ ಕೆಡಿಸಿಲ್ಲ ಸಾರ್,” ಎಂದಳು ಮಗಳು, ತಲೆ ತಗ್ಗಿಸಿಕೊಂಡೇ.

ಅವಳು ಹೇಳಿದ್ದು ನಿಜವಾಗಿತ್ತು. ಯಾವುದೂ ಕೆಟ್ಟಿರಲಿಲ್ಲ. ಹೊಸದಾಗಿ ಕಲಿಯುವವರ ಮನೆಗಳಲ್ಲಿ ಬಹಳ ಸಲ ಹೀಗೆಯೇ ಆಗುತ್ತದೆ. ಸಾಮಾನು ಚೆನ್ನಾಗಿರುತ್ತದೆ, ದಾರಿಯಲ್ಲಿ ಎಲ್ಲೋ ಒಂದು ತೂಬು ಮುಚ್ಚಿರುತ್ತದೆ. ಅಷ್ಟರಲ್ಲಿ ಮಗುವಿಗೆ ಬೈಗುಳವೂ ಸಾಮಾನಿಗೆ ಅಟ್ಟವೂ ಪ್ರಾಪ್ತವಾಗಿರುತ್ತವೆ.

ನಾದವು ನಡೆಯುವ ದಾರಿ

ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳೂ ಅವುಗಳ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿಯೂ ಇರುತ್ತವೆ. ಇದನ್ನು ಪಿಕಪ್ ಎನ್ನುತ್ತಾರೆ. ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ತತ್ತ್ವ. ಮರದ ಅಕೌಸ್ಟಿಕ್ ಗಿಟಾರಿನಲ್ಲಿ ಸಾಮಾನ್ಯವಾಗಿ ಬೇರೆ ಬಗೆಯ ಪಿಕಪ್ ಇರುತ್ತದೆ. ಅದರ ಜೊತೆಗೆ 9 ವೋಲ್ಟಿನ ಒಂದು ಬ್ಯಾಟರಿಯೂ ಇರುವುದುಂಟು. ಯಾವ ಪಿಕಪ್ಪೂ ಇಲ್ಲದ ಗಿಟಾರಾದರೆ ಮೈಕನ್ನೇ ಮುಂದಿಡಬೇಕು.

ಹುಟ್ಟಿದ ಆ ಅಲ್ಪ ವಿದ್ಯುತ್ತು ಕೇಬಲಿನ ಮೂಲಕ ಇಂಟರ್‌ಫೇಸಿಗೆ ಬರುತ್ತದೆ. ಪೆಟ್ಟಿಗೆಯು ಅದನ್ನು ದೊಡ್ಡದು ಮಾಡಿ, ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಅಂಕಿಯಾಗಿ ಬರೆಯುತ್ತದೆ. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಬಲ್ಲದು. ಒಂದು ಕಂಪನವನ್ನು ಹಿಡಿಯಲು ಎರಡಕ್ಕಿಂತ ಹೆಚ್ಚು ಅಳತೆಗಳು ಬೇಕು. 44,100 ಎಂಬ ಅಂಕಿ ಈ ಅಗತ್ಯವನ್ನು ಪೂರೈಸುತ್ತದೆ. ಆ ಅಂಕಿಗಳು ಯುಎಸ್‌ಬಿ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಹೋಗುತ್ತವೆ. ಅಲ್ಲಿ ಡ್ರೈವರ್ ಎಂಬ ಪುಟ್ಟ ತಂತ್ರಾಂಶವು ಅವನ್ನು ಬರಮಾಡಿಕೊಂಡು, ಮುದ್ರಿಸುವ ತಂತ್ರಾಂಶದ ಕೈಗೆ ಕೊಡುತ್ತದೆ. ಕೇಳುವಾಗ ಅಂಕಿಗಳು ಇದೇ ದಾರಿಯಲ್ಲಿ ಹಿಂದಿರುಗಿ ಹೆಡ್‌ಫೋನಿನಲ್ಲಿ ಮತ್ತೆ ನಾದವಾಗುತ್ತವೆ.

ಹೀಗೆ ದಾರಿಯಲ್ಲಿರುವುದು ಐದು ತೂಬು: ಗಿಟಾರು, ಪೆಟ್ಟಿಗೆ, ಲ್ಯಾಪ್‌ಟಾಪು, ತಂತ್ರಾಂಶ, ಹೆಡ್‌ಫೋನು. ಒಮ್ಮೆಗೇ ಎಲ್ಲವನ್ನೂ ತಿರುಗಿಸಿ ನೋಡಬಾರದು. ಒಂದನ್ನು ಬದಲಿಸಿ, ಪರೀಕ್ಷಿಸಿ, ಫಲವಿಲ್ಲದಿದ್ದರೆ ಮೊದಲಿದ್ದಂತೆಯೇ ಮಾಡಿ ಮುಂದಿನದಕ್ಕೆ ಹೋಗಬೇಕು.

ತೂಬಿನಿಂದ ಗದ್ದೆಯವರೆಗೆ

ಮೊದಲನೆಯದು ಗಿಟಾರು. ಅದರ ಮೈಮೇಲಿರುವ ವಾಲ್ಯೂಮ್ ಗುಂಡಿ ಸೊನ್ನೆಯಲ್ಲಿರುವುದು ನಗೆಪಾಟಲಿನ ಕಾರಣವಾದರೂ ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಅದೇ. ಬ್ಯಾಟರಿಯುಳ್ಳ ಗಿಟಾರಾದರೆ ಬ್ಯಾಟರಿ ಬದಲಿಸಿ ನೋಡಬೇಕು. ಸೋತ ಬ್ಯಾಟರಿಯು ನಾದವನ್ನು ಕ್ಷೀಣವಾಗಿ, ಹರಿದ ತಮಟೆಯಂತೆ ಕೇಳಿಸುತ್ತದೆ. ಕೇಬಲನ್ನು ಎರಡು ತುದಿಗಳಲ್ಲೂ ‘ಟಕ್’ ಎನ್ನುವವರೆಗೆ ಒತ್ತಬೇಕು. ಅಲುಗಿಸಿದಾಗ ಕರಕರ ಸದ್ದು ಬಂದರೆ ದೋಷ ಕೇಬಲಿನದು.

ಎರಡನೆಯದು ಪೆಟ್ಟಿಗೆ. ದೀಪ ಹತ್ತಿದೆಯೇ? ಹತ್ತಿದ್ದರೂ ಕಂಪ್ಯೂಟರು ಅದನ್ನು ಗುರುತಿಸದಿದ್ದರೆ ಯುಎಸ್‌ಬಿ ಕೇಬಲನ್ನು ಶಂಕಿಸಬೇಕು. ಫೋನ್ ಚಾರ್ಜ್ ಮಾಡಲೆಂದೇ ಮಾಡಿದ ಕೆಲವು ಅಗ್ಗದ ಕೇಬಲುಗಳಲ್ಲಿ ವಿದ್ಯುತ್ತು ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ. ಗಿಟಾರನ್ನು ಚುಚ್ಚಿದ ತೂತಿನ ಪಕ್ಕದಲ್ಲಿ ‘ಇನ್‌ಸ್ಟ್ರುಮೆಂಟ್’ ಎಂದೋ ಗಿಟಾರಿನ ಚಿತ್ರದಿಂದಲೋ ಗುರುತಿಸಿದ ಒತ್ತುಗುಂಡಿ ಇರುತ್ತದೆ. ಗಿಟಾರಿಗೆ ಅದನ್ನು ಒತ್ತಲೇಬೇಕು. ಪಿಕಪ್ಪಿನ ವಿದ್ಯುತ್ತು ಬಹಳ ದುರ್ಬಲವಾದುದರಿಂದ ಅದನ್ನು ಹೀರಿಬಿಡದಂಥ, ಸುಮಾರು 10 ಲಕ್ಷ ಓಮ್ ಪ್ರತಿರೋಧದ ದ್ವಾರ ಬೇಕು. ಆ ಗುಂಡಿ ಒದಗಿಸುವುದು ಅದನ್ನೇ. ಒತ್ತದಿದ್ದರೆ ನಾದವು ಮಂಕಾಗಿ, ಕಂಬಳಿ ಹೊದ್ದುಕೊಂಡಂತೆ ಕೇಳುತ್ತದೆ. ‘48 ವಿ’ ಎಂಬ ಇನ್ನೊಂದು ಗುಂಡಿಯುಂಟು. ಅದು ಕಂಡೆನ್ಸರ್ ಜಾತಿಯ ಮೈಕಿಗೆ 48 ವೋಲ್ಟ್ ಒದಗಿಸುವುದಕ್ಕೆ. ಗಿಟಾರಿಗೆ ಅದು ಬೇಡ. ಕಂಡೆನ್ಸರ್ ಮೈಕಿದ್ದು ಆ ಗುಂಡಿ ಒತ್ತದಿದ್ದರೆ ಮೈಕು ಮೂಕವಾಗಿರುತ್ತದೆ.

ಈಗ ತಂತಿ ಮಿಡಿದು, ಗೇನ್ ಎಂಬ ತಿರುಗುಗುಂಡಿಯನ್ನು ಮೆಲ್ಲಗೆ ಏರಿಸಬೇಕು. ಪೆಟ್ಟಿಗೆಯ ಮೇಲಿನ ಪುಟ್ಟ ದೀಪವು ಮಿಡಿತಕ್ಕೆ ಸರಿಯಾಗಿ ಹಸಿರಾಗಿ ಮಿನುಗಿದರೆ ಗಿಟಾರು, ಕೇಬಲು, ಪೆಟ್ಟಿಗೆಯ ದ್ವಾರ ಮೂರೂ ನಿರ್ದೋಷಿಗಳು. ನೀರು ಅಲ್ಲಿಯವರೆಗೆ ಬಂದಿದೆ. ಇನ್ನು ಹಿಂದೆ ತಿರುಗಿ ನೋಡಬೇಕಾಗಿಲ್ಲ. ನಾನು ಹೋದ ಮನೆಯಲ್ಲಿ ದೀಪ ಮಿನುಗಿತು. ತಂದೆಯ ಮುಖದ ಬಿಗುವು ಆಗಲೇ ಸಡಿಲವಾಯಿತು.

ಮೂರನೆಯದು ಲ್ಯಾಪ್‌ಟಾಪು. ಅದಕ್ಕೆ ತನ್ನದೇ ಒಂದು ಮೈಕು ಹುಟ್ಟಿನಿಂದಲೇ ಇರುತ್ತದೆ. ನಾವು ಹೇಳದಿದ್ದರೆ ಅದು ಆ ಮೈಕಿನಿಂದಲೇ ಕೇಳಿಸಿಕೊಳ್ಳಬಹುದು. ಇದನ್ನು ಪತ್ತೆಮಾಡುವ ಉಪಾಯ ಸುಲಭ. ಮುದ್ರಣ ಆರಂಭಿಸಿ, ಲ್ಯಾಪ್‌ಟಾಪಿನ ಕೀಲಿಮಣೆಯ ಪಕ್ಕದಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ತಟ್ಟಿದಾಗ ಪರದೆಯ ಗೆರೆ ಎತ್ತರಕ್ಕೆ ಜಿಗಿದರೆ ಮುದ್ರಣವು ಒಳಗಿನ ಮೈಕಿನಿಂದ ಆಗುತ್ತಿದೆ. ಸೆಟ್ಟಿಂಗ್ಸಿನಲ್ಲಿ ‘ಇನ್‌ಪುಟ್’ ಎಂದಿರುವಲ್ಲಿ ಪೆಟ್ಟಿಗೆಯ ಹೆಸರನ್ನು ಆರಿಸಬೇಕು. ಆ ಹೆಸರೇ ಕಾಣದಿದ್ದರೆ ತಯಾರಕರ ಜಾಲತಾಣದಿಂದ ಡ್ರೈವರನ್ನು ಇಳಿಸಿಕೊಳ್ಳಬೇಕು. ಹೆಸರು ಕಂಡರೂ ಗೆರೆ ನೇರವಾಗಿಯೇ ಇದ್ದರೆ, ವಿಂಡೋಸಿನ ‘ಪ್ರೈವೆಸಿ’ ವಿಭಾಗದಲ್ಲಿ ಮೈಕನ್ನು ಬಳಸಲು ತಂತ್ರಾಂಶಗಳಿಗೆ ಅನುಮತಿ ಇದೆಯೇ ಎಂದು ನೋಡಬೇಕು. ಅನುಮತಿ ಇಲ್ಲದಿದ್ದರೆ ಕಂಪ್ಯೂಟರು ದೂರನ್ನೂ ಹೇಳದೆ ಬರೀ ಮೌನವನ್ನು ಮುದ್ರಿಸುತ್ತದೆ.

ನಾಲ್ಕನೆಯದು ತಂತ್ರಾಂಶ. 2000ದಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿ ಎಂಬ ತಂತ್ರಾಂಶವು ಆರಂಭಿಕರಿಗೆ ಧಾರಾಳವಾಗಿ ಸಾಕು. ತಂತ್ರಾಂಶದ ಒಳಗೂ ಸಾಧನವನ್ನು ಆರಿಸುವ ಪಟ್ಟಿಯಿದೆ; ಜೊತೆಗೆ ಯಾವ ದ್ವಾರ ಎಂಬುದನ್ನೂ ನೋಡಬೇಕು. ಬಾಲಕಿಯ ಮನೆಯಲ್ಲಿ ಆಗಿದ್ದು ಎರಡು ತಪ್ಪುಗಳ ಜೋಡಿ. ಲ್ಯಾಪ್‌ಟಾಪು ತನ್ನ ಮೈಕಿನಿಂದ ಕೇಳುತ್ತಿತ್ತು, ಬೀದಿಯ ಗದ್ದಲ ಬಂದದ್ದು ಹಾಗೆ. ಅದನ್ನು ಸರಿಪಡಿಸಿದ ಮೇಲೆ ಪೂರ್ಣ ಮೌನ. ಏಕೆಂದರೆ ಗಿಟಾರನ್ನು ಎರಡನೆಯ ದ್ವಾರಕ್ಕೆ ಚುಚ್ಚಲಾಗಿತ್ತು, ತಂತ್ರಾಂಶವು ಮೊದಲನೆಯದನ್ನು ಮಾತ್ರ ಕೇಳುತ್ತಿತ್ತು. ಒಂದು ತಪ್ಪನ್ನು ತಿದ್ದಿದಾಗ ಸ್ಥಿತಿ ಮೊದಲಿಗಿಂತ ಕೆಟ್ಟಂತೆ ಕಂಡರೆ ಮಕ್ಕಳು ಧೃತಿಗೆಡಬಾರದು. ಅದು ಮುಂದಿನ ತೂಬಿನವರೆಗೆ ಬಂದಿದ್ದೇವೆ ಎಂಬುದರ ಗುರುತಾಗಿರಬಹುದು.

ಐದನೆಯದು ಹೆಡ್‌ಫೋನು. ಅದನ್ನು ಲ್ಯಾಪ್‌ಟಾಪಿಗಲ್ಲ, ಪೆಟ್ಟಿಗೆಗೇ ಚುಚ್ಚಬೇಕು. ‘ಔಟ್‌ಪುಟ್’ ಪಟ್ಟಿಯಲ್ಲೂ ಪೆಟ್ಟಿಗೆಯನ್ನೇ ಆರಿಸಬೇಕು. ಮುದ್ರಣವಾಗಿದ್ದರೂ ಕೇಳಿಸದಿರುವುದು ಬಹುಮಟ್ಟಿಗೆ ಈ ಕಾರಣದಿಂದ.

ಕೇಳಿಬಂದ ಮೇಲಿನ ತೊಡಕುಗಳು

ದುಂಬಿಯಂತೆ ಗುಂಯ್ ಎನ್ನುವ ಸದ್ದು: ನಮ್ಮ ದೇಶದ ಮನೆವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ, ಆ ಕಂಪನವು ಗಿಟಾರಿನ ಸುರುಳಿಗೆ ಅಂಟಿಕೊಳ್ಳುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರನ್ನು ತೆಗೆದು ನೋಡಿ. ಸದ್ದು ನಿಂತರೆ ಬ್ಯಾಟರಿಯಲ್ಲೇ ಮುದ್ರಿಸಿ. ನಿಲ್ಲದಿದ್ದರೆ ಟ್ಯೂಬ್‌ಲೈಟು ಮತ್ತು ಫ್ಯಾನಿನ ರೆಗ್ಯುಲೇಟರಿನಿಂದ ದೂರ ಕುಳಿತು, ಗಿಟಾರಿನೊಡನೆ ಮೆಲ್ಲಗೆ ತಿರುಗಿ; ಒಂದು ದಿಕ್ಕಿನಲ್ಲಿ ಸದ್ದು ತಗ್ಗುತ್ತದೆ. ಒಂದು ಎಚ್ಚರಿಕೆ: ಈ ಸದ್ದಿಗೆ ಬೇಸತ್ತು ಪ್ಲಗ್ಗಿನ ಮೂರನೆಯ, ದಪ್ಪ ಕಡ್ಡಿಯನ್ನು ಕಿತ್ತುಹಾಕುವವರಿದ್ದಾರೆ. ಅದು ಅರ್ತಿಂಗ್, ಜೀವ ಕಾಯುವ ಕಡ್ಡಿ. ಗಿಟಾರು ನುಡಿಸುವವರ ಬೆರಳು ಸದಾ ಲೋಹದ ತಂತಿಯ ಮೇಲಿರುತ್ತದೆ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಅರ್ತಿಂಗ್ ಇಲ್ಲದಿದ್ದರೆ ಅದನ್ನು ಮೊದಲು ಹಾಕಿಸಿ.

ತಡವಾಗಿ ಕೇಳುವುದು: ಕಂಪ್ಯೂಟರು ಅಂಕಿಗಳನ್ನು ಒಂದೊಂದಾಗಿ ಅಲ್ಲ, ಬುಟ್ಟಿ ಬುಟ್ಟಿಯಾಗಿ ಸಾಗಿಸುತ್ತದೆ. ಈ ಬುಟ್ಟಿಗೆ ಬಫರ್ ಎಂದು ಹೆಸರು. ಬುಟ್ಟಿಯಲ್ಲಿ 128 ಅಂಕಿಗಳಿದ್ದರೆ ತುಂಬಲು ಸೆಕೆಂಡಿನ ಸಾವಿರದಲ್ಲಿ 3 ಭಾಗ ಹಿಡಿಯುತ್ತದೆ. 1,024 ಇದ್ದರೆ 23 ಭಾಗ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕಾಯಬೇಕಾದುದರಿಂದ ಇದು ಎರಡರಷ್ಟಾಗುತ್ತದೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವ ಲೆಕ್ಕದಲ್ಲಿ, ದೊಡ್ಡ ಬುಟ್ಟಿಯಿಟ್ಟು ನುಡಿಸುವುದೆಂದರೆ ನಮ್ಮ ಗಿಟಾರನ್ನು ನಾವೇ 15–16 ಮೀಟರ್ ದೂರದಿಂದ ಕೇಳಿದಂತೆ. ತಾಳ ತಪ್ಪದೆ ಇನ್ನೇನಾದೀತು? ಬುಟ್ಟಿಯನ್ನು ಚಿಕ್ಕದು ಮಾಡಬಹುದು. ತೀರ ಚಿಕ್ಕದಾದರೆ ಹಳೆಯ ಲ್ಯಾಪ್‌ಟಾಪು ಸಾಗಿಸಲಾರದೆ ಹುರಿಗಡಲೆ ಸಿಡಿದಂತೆ ಚಟಪಟ ಎನ್ನುತ್ತದೆ. ಆಗ ಒಂದು ಹಂತ ಹೆಚ್ಚಿಸಿ, ಬೇರೆ ತಂತ್ರಾಂಶಗಳನ್ನೆಲ್ಲ ಮುಚ್ಚಿ. ಇನ್ನೂ ಸುಲಭವಾದದ್ದು ಪೆಟ್ಟಿಗೆಯ ಮೇಲಿರುವ ‘ಡೈರೆಕ್ಟ್ ಮಾನಿಟರ್’ ಗುಂಡಿ. ಅದನ್ನು ಒತ್ತಿದರೆ ನಾದವು ಕಂಪ್ಯೂಟರಿಗೆ ಹೋಗಿಬರದೆ ನೇರವಾಗಿ ಕಿವಿಗೆ ಬರುತ್ತದೆ. ಒತ್ತಿದ ಮೇಲೆ ಒಂದೇ ಸ್ವರ ಎರಡೆರಡು ಸಲ ಕೇಳಿದರೆ, ತಂತ್ರಾಂಶದೊಳಗಿನ ಮಾನಿಟರನ್ನು ಆರಿಸಿಬಿಡಿ.

ಒಂದೇ ಕಿವಿಯಲ್ಲಿ ಕೇಳುವುದು: ಗಿಟಾರು ಒಂದು ದ್ವಾರದ ವಾದ್ಯ. ಅದನ್ನು ‘ಸ್ಟೀರಿಯೊ’ ಎಂದು ಮುದ್ರಿಸಿದರೆ ಒಂದು ಬದಿ ಖಾಲಿಯಾಗಿ ಉಳಿಯುತ್ತದೆ. ‘ಮೋನೊ’ ಆರಿಸಿಕೊಳ್ಳಿ.

ಶ್ರುತಿಯೇ ಬದಲಾಗುವುದು: ಸೆಕೆಂಡಿಗೆ 48,000 ಸಲ ಅಳೆದುದನ್ನು 44,100ರ ಲೆಕ್ಕದಲ್ಲಿ ಕೇಳಿದರೆ ಹಾಡು ನೂರಕ್ಕೆ 8ರಷ್ಟು ನಿಧಾನವಾಗಿ, ಸುಮಾರು ಒಂದೂವರೆ ಅರ್ಧಸ್ವರ ಕೆಳಗಿಳಿಯುತ್ತದೆ. ಪೆಟ್ಟಿಗೆ, ಕಂಪ್ಯೂಟರು, ತಂತ್ರಾಂಶ ಮೂರರಲ್ಲೂ ಒಂದೇ ಅಂಕಿ ಇರಲಿ.

ನಾನು ಹೇಳದೆ ಬಂದ ಮಾತು

ಈಗ ನನ್ನ ತಪ್ಪನ್ನು ಹೇಳಬೇಕು. ಆ ದಿನ ಗಿಟಾರು ಕೇಳಿಬಂದ ಸಂತೋಷದಲ್ಲಿ “ದೀಪ ಮಿನುಗಿದರೆ ಸಾಕಮ್ಮ, ಎಲ್ಲ ಸರಿಯಿದೆ” ಎಂದು ಹೇಳಿ ಎದ್ದು ಬಂದೆ. ಸಂಜೆ ಬಾಲಕಿ ಮೈಕನ್ನು ಚುಚ್ಚಿ, ಗೇನ್ ಗುಂಡಿಯನ್ನು ತುದಿಯವರೆಗೆ ತಿರುಗಿಸಿ, ಅಜ್ಜಿಯನ್ನು ಮುಂದೆ ಕೂರಿಸಿದಳು. ಅಜ್ಜಿ ಕಣ್ಣು ಮುಚ್ಚಿ, ಏಳು ನಿಮಿಷದ ಒಂದು ಪದವನ್ನು ಎಲ್ಲಿಯೂ ತಡವರಿಸದೆ ಹಾಡಿದರಂತೆ. ಮರುದಿನ ಫೋನಿನಲ್ಲಿ ಮಗುವಿನ ದನಿ ನಡುಗುತ್ತಿತ್ತು: “ಸಾರ್, ದೀಪ ಕೆಂಪಾಗುತ್ತಲೇ ಇತ್ತು. ಆದರೆ ಅಜ್ಜಿಯನ್ನು ನಡುವೆ ನಿಲ್ಲಿಸಲು ಮನಸ್ಸಾಗಲಿಲ್ಲ.”

ಕೆಂಪು ಎಂದರೆ ಕಾಲುವೆ ದಂಡೆ ಮೀರಿ ಹರಿಯುತ್ತಿದೆ ಎಂದರ್ಥ. ಅಂಕಿಗಳಿಗೆ ಒಂದು ಮೇಲ್ಮಿತಿಯಿದೆ, ಅದನ್ನು ಸೊನ್ನೆ ಡೆಸಿಬೆಲ್ ಎಂದು ಗುರುತಿಸುತ್ತಾರೆ. ಅದನ್ನು ಮೀರಿದ ಅಲೆಯ ನೆತ್ತಿಯೇ ಕತ್ತರಿಸಿಹೋಗುತ್ತದೆ, ದನಿ ಹರಿದುಹೋಗುತ್ತದೆ. ಆಮೇಲೆ ಸದ್ದು ತಗ್ಗಿಸಿದರೂ ಕತ್ತರಿಸಿದ ನೆತ್ತಿ ಹಿಂದಿರುಗುವುದಿಲ್ಲ. ಮೆಲ್ಲಗೆ ಮುದ್ರಿಸಿದ್ದನ್ನು ಆಮೇಲೆ ಹೆಚ್ಚಿಸಬಹುದು, ಹರಿದದ್ದನ್ನು ಹೊಲಿಯಲಾಗದು. ಆದುದರಿಂದ ಹಾಡಿನ ಅತ್ಯಂತ ಗಟ್ಟಿಯಾದ ಭಾಗವನ್ನು ಮೊದಲೇ ಹಾಡಿಸಿ, ಅಳತೆಪಟ್ಟಿಯ ತುದಿ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವಂತೆ ಗೇನನ್ನು ಇಡಬೇಕು. ಹತ್ತು ಸೆಕೆಂಡು ಮುದ್ರಿಸಿ, ಕೇಳಿ, ಆಮೇಲೆ ಪೂರ್ಣ ಹಾಡಿಗೆ ಕೈಹಾಕಬೇಕು. ಈ ಎರಡು ವಾಕ್ಯಗಳನ್ನು ನಾನು ಅಂದೇ ಹೇಳಬೇಕಾಗಿತ್ತು.

ಎರಡು ದಿನಗಳ ನಂತರ ಅಜ್ಜಿ ಮತ್ತೆ ಹಾಡಿದರು. ಮುದ್ರಣ ಶುಭ್ರವಾಗಿ ಬಂತು. ಆದರೆ ನಡುವಿನ ಎರಡು ನುಡಿಗಳು ಅವರ ನೆನಪಿಗೆ ಬರಲಿಲ್ಲ, ಈವರೆಗೂ ಬಂದಿಲ್ಲ. ಹರಿದ ಮುದ್ರಣವನ್ನು ಅಳಿಸಬೇಡವೆಂದು ಮಗುವಿಗೆ ಹೇಳಿದ್ದೆ. ಅವಳು ಅದನ್ನೇ ಮತ್ತೆ ಮತ್ತೆ ಕೇಳಿ, ಆ ಎರಡು ನುಡಿಗಳ ಮಾತುಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಎರಡು ಪದಗಳು ಮಾತ್ರ ತಿಳಿಯದೆ ಉಳಿದಿವೆ.

ಅಜ್ಜಿಯ ಶ್ರುತಿಗೆ ಗಿಟಾರು

ಇಂಥ ಮುದ್ರಣದಲ್ಲಿ ಹಿರಿಯರನ್ನು ವಾದ್ಯದ ಶ್ರುತಿಗೆ ಎಳೆಯಬಾರದು. ಅವರಿಗೆ ಒಗ್ಗಿದ ಶ್ರುತಿಯಲ್ಲಿ ಅವರೊಬ್ಬರೇ ಹಾಡಲಿ. ಅದು ಮೊದಲ ಪದರ. ಆಮೇಲೆ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಗಿಟಾರನ್ನು ಎರಡನೆಯ ಪದರವಾಗಿ ಮುದ್ರಿಸಬೇಕು. ಗಿಟಾರಿನ ಒಂದೊಂದು ಮೆಟ್ಟೂ ಒಂದು ಅರ್ಧಸ್ವರ. ಕೇಪೋ ಎಂಬ ಹಿಡಿಕೆಯನ್ನು ಸೂಕ್ತ ಮೆಟ್ಟಿಗೆ ಕಟ್ಟಿದರೆ ಶ್ರುತಿ ಬಹುಮಟ್ಟಿಗೆ ಕೂಡುತ್ತದೆ. ಅಜ್ಜಿಯ ದನಿ ಎರಡು ಮೆಟ್ಟುಗಳ ನಡುವೆ ನಿಂತಿದ್ದರೆ ಬಿರಡೆಗಳನ್ನು ತಿರುಗಿಸಿ ತಂತಿಗಳನ್ನೇ ಅಷ್ಟು ಏರಿಸಬೇಕು ಅಥವಾ ಇಳಿಸಬೇಕು. ಎರಡನೆಯ ಪದರವು ಪ್ರತಿ ಸಲವೂ ಒಂದೇ ಅಳತೆಯಲ್ಲಿ ಹಿಂದೆ ಬಿದ್ದಂತೆ ಕೇಳಿದರೆ ಅದು ನುಡಿಸಿದವರ ತಪ್ಪಲ್ಲ, ಬುಟ್ಟಿಯ ತಡ; ತಂತ್ರಾಂಶದಲ್ಲಿ ಆ ಪದರವನ್ನು ಸ್ವಲ್ಪ ಎಡಕ್ಕೆ ಸರಿಸಿದರೆ ಸರಿಹೋಗುತ್ತದೆ.

ಪೋಷಕರು ಇದನ್ನು ಮಕ್ಕಳ ಆಟವೆಂದು ತಿಳಿಯಬಾರದು. ನಮ್ಮ ರಾಯದುರ್ಗ ಸೀಮೆಯು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ರಚನೆಯಾದ ದಿನ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಗಡಿ ಸರಿದರೂ ಬೀಸುವ ಕಲ್ಲಿನ ಮುಂದಿನ ಹಾಡು ಸರಿಯಲಿಲ್ಲ. ಆ ಹಾಡುಗಳಲ್ಲಿ ಕನ್ನಡದ ನುಡಿಗೆ ತೆಲುಗಿನ ಪಲ್ಲವಿ ಕೂಡಿಕೊಂಡಿರುವುದುಂಟು. ಅದನ್ನು ‘ಶುದ್ಧ’ಗೊಳಿಸಲು ಹೋಗಬೇಡಿ, ಹಾಡಿದಂತೆಯೇ ಬರೆದುಕೊಳ್ಳಿ. ಪುಸ್ತಕದಲ್ಲಿ ಅಚ್ಚಾಗದ ಈ ಪದಗಳ ಏಕೈಕ ಪ್ರತಿ ಒಬ್ಬ ಅಜ್ಜಿಯ ಗಂಟಲಲ್ಲಿರಬಹುದು.

ಒಂದು ದ್ವಾರದಲ್ಲಿ 24 ಬಿಟ್ ಗುಣಮಟ್ಟದಲ್ಲಿ ಮುದ್ರಿಸಿದ ‘ವೇವ್’ ಕಡತವು ನಿಮಿಷಕ್ಕೆ ಸುಮಾರು 8 ಎಂಬಿ ಜಾಗ ಹಿಡಿಯುತ್ತದೆ. ಆ ಲೆಕ್ಕದಲ್ಲಿ 8 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಹದಿನಾರು ಗಂಟೆಯಷ್ಟು ಹಾಡು ಹಿಡಿಸುತ್ತದೆ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಕಡತದ ಹೆಸರಿನಲ್ಲೇ ದಿನಾಂಕ, ಊರು, ಹಾಡಿದವರ ಹೆಸರು ಇರಲಿ. ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಹಾಡಿದವರ ಒಪ್ಪಿಗೆ ಕೇಳುವುದು ಸಂಸ್ಕಾರ. ಪೆಟ್ಟಿಗೆ, ಮೈಕು ಇಲ್ಲದ ಮನೆಯವರು ಕಾಯುತ್ತ ಕೂರಬೇಕಾಗಿಲ್ಲ, ಸಾಲ ಮಾಡಿ ಕೊಳ್ಳಬೇಕಾಗಿಯೂ ಇಲ್ಲ. ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ, ಫೋನನ್ನು ಒಂದು ಮೊಳ ದೂರದಲ್ಲಿ ಮಡಿಸಿದ ಟವೆಲಿನ ಮೇಲಿಟ್ಟು ಮುದ್ರಿಸಿದರೂ ಹಾಡು ಉಳಿಯುತ್ತದೆ.

ಹೋದ ವಾರ ಆ ಮನೆಗೆ ಮತ್ತೆ ಹೋಗಿದ್ದೆ. ಎರಡು ಪದರಗಳೂ ಕೂಡಿದ ಹಾಡನ್ನು ಬಾಲಕಿ ಅಜ್ಜಿಯ ಕಿವಿಗೆ ಹೆಡ್‌ಫೋನ್ ಇಟ್ಟು ಕೇಳಿಸಿದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ದನಿ ಇಷ್ಟು ಮುದಿಯಾಗೈತೇನು?” ಎಂದು ಕೇಳಿದರು. ನಂತರ ಮೊಮ್ಮಗಳ ಕಡೆಗೆ ತಿರುಗಿ, “ಮೂರನೇ ನುಡಿಯಾಗ ನೀನು ಅವಸರ ಮಾಡೀಯವ್ವ. ಕಲ್ಲು ತಿರುಗೋವಷ್ಟು ಹೊತ್ತು ನಿಲ್ಲಬೇಕು,” ಎಂದರು. ತಂದೆ ಎದ್ದು ಹೋಗಿ ಫ್ಯಾನ್ ಆರಿಸಿದರು. ಬಾಲಕಿ ಗಿಟಾರು ಎತ್ತಿಕೊಂಡು, ದೀಪ ಹಸಿರಾಗಿರುವುದನ್ನು ಒಮ್ಮೆ ನೋಡಿ, ಮೂರನೆಯ ನುಡಿಯನ್ನು ಮೊದಲಿನಿಂದ ಆರಂಭಿಸಿದಳು.

ಮುಂದಿನ ವಾರ: ಒಂದೇ ಮೈಕಿನ ಮುಂದೆ ಇಬ್ಬರು ಹಾಡುವುದು ಹೇಗೆ?